ಖಾಲಿ ಪೆಟ್ಟಿಗೆಯ ಮುಂದಿನ ದೀಪ

ಜೂನ್ ೯

ಮೊಂಡಿ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರು ಅಂತ ಗೊತ್ತಾಗಿರುತ್ತೆ. ಹರಿದು ಬಿಸಾಡೋದಿದ್ದರೆ ಪೂರ್ತಿ ಓದಿ ಆಮೇಲೆ ಬಿಸಾಡು. ಅಮ್ಮನನ್ನು ಮಣ್ಣು ಮಾಡಿದ ದಿನ ಚರ್ಚಿನ ಗೇಟಿನ ಹತ್ತಿರ ನಾವಿಬ್ಬರೂ ಆಡಿದ ಮಾತು ನನಗೂ ನೆನಪಿದೆ, ನಿನಗೂ ನೆನಪಿದೆ, ಅಲ್ಲಿ ನಿಂತಿದ್ದ ನೆಂಟರಿಗಂತೂ ಬಾಯಿಪಾಠ ಆಗಿದೆ. ಅದನ್ನು ಇವತ್ತು ಎತ್ತೋದಿಲ್ಲ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ನಾವಿಬ್ಬರೂ ಎರಡು ಮಾತಾಡಿದರೆ ಮೂರನೆಯದು ಜಗಳ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕೋಕಾಗಲ್ಲ.

ಮೊದಲು ಕೆಲಸದ ಮಾತು. ನನ್ನ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಡಾಕ್ಟರು ಎಲ್ಲ ಚೆನ್ನಾಗಿದೆ ಅಂತಾರೆ. ನನಗೇನೋ ಎಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತೆ. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಅಂಗಡಿಯವಳನ್ನು ಕರೀಬೇಕು. ನನಗೆ ಸೂಜಿ ಅಂತ ಹೆಸರಿಟ್ಟವಳೇ ನೀನು, ನೋಡು ಗತಿ. ಮೂರು ರವಿಕೆ, ಒಂದು ಮದುವೆ ಕೋಟು ಮೇಜಿನ ಮೇಲೆ ನನ್ನ ಮುಖ ನೋಡ್ತಾ ಬಿದ್ದಿವೆ. ನೀನು ಕನ್ನಡಕದ ಅಂಗಡಿಯಲ್ಲಿ ದಿನವೂ ಊರವರ ಕಣ್ಣು ಪರೀಕ್ಷೆ ಮಾಡ್ತೀಯಲ್ಲ, ಹೇಳು, ಹೊಸ ಕನ್ನಡಕ ಈಗಲೇ ಮಾಡಿಸಬೇಕಾ, ಕಾಯಬೇಕಾ?

ಇದನ್ನು ಕೇಳೋಕೆ ಅಷ್ಟು ದೂರ ಕಾಗದ ಬರೀಬೇಕಾ ಅಂತ ನೀನು ಕೇಳೋ ಮೊದಲೇ ಹೇಳ್ತೀನಿ, ಅದು ನೆಪ.

ಚರ್ಚಿನ ಒಳಗಿನ ಕೆಲಸ ಇನ್ನೂ ನಂದೇ. ಪೂಜೆಯ ಬಟ್ಟೆ ಒಗೆದು ಇಸ್ತ್ರಿ ಮಾಡೋದು, ಹೂದಾನಿ ತೊಳೆಯೋದು, ಪ್ರಸಾದದ ರೊಟ್ಟಿ ಇಡೋ ಪೆಟ್ಟಿಗೆಯ ಮುಂದಿನ ಕೆಂಪು ಗಾಜಿನ ದೀಪಕ್ಕೆ ಎಣ್ಣೆ ಹಾಕೋದು. ದೀಪ ಉರೀತಿದ್ದರೆ ಸ್ವಾಮಿ ಮನೇಲಿದ್ದಾರೆ ಅಂತ ಅಮ್ಮ ಹೇಳ್ತಿದ್ದಳಲ್ಲ, ಅದೇ ದೀಪ. ಕಣ್ಣಿನ ಪಟ್ಟಿ ಬಿಚ್ಚಿದ ಮಾರನೆಯ ದಿನ ಹೋಗಿ ನೋಡ್ತೀನಿ, ದೀಪ ಆರಿದೆ. ಬತ್ತಿ ಕೂಡ ತಣ್ಣಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಗುಡಿಸುವವಳು ಅಲ್ಲೇ ಪೊರಕೆ ಹಿಡಿದು ನಿಂತಿದ್ದಳು. ನಾನೊಂದು ವಾರ ಇಲ್ಲದಿದ್ದರೆ ಸ್ವಾಮಿಯನ್ನು ಕತ್ತಲಲ್ಲಿ ಕೂರಿಸ್ತೀರಾ ಅಂತ ಶುರು ಮಾಡಿದವಳು ನಿಲ್ಲಿಸಲಿಲ್ಲ. ಅವಳು ಏನೋ ಹೇಳೋಕೆ ಬಾಯಿ ತೆರೆದಳು, ನಾನು ಬಿಡಲಿಲ್ಲ. ಫಾದರ್ ಮೂರು ಚರ್ಚು ನೋಡಿಕೊಳ್ಳುವವರು, ಭಾನುವಾರ ಬಂದು ಪೂಜೆ ಮಾಡಿ ಓಡ್ತಾರೆ, ಅವರನ್ನು ಅಂದು ಪ್ರಯೋಜನ ಇಲ್ಲ. ನಾನೇ ಗಾಜು ತೊಳೆದು, ಎಣ್ಣೆ ಹಾಕಿ, ಹಚ್ಚಿದೆ.

ಅದಾಗಿ ಕೆಲವು ದಿನಕ್ಕೆ ಅಲ್ಲೊಂದು ಸಂಗತಿ ಆಯಿತು. ಬೆಳಿಗ್ಗೆ ಬಲಿಪೀಠದ ಬಟ್ಟೆ ಮಡಿಸ್ತಾ ಇದ್ದೆ. ಚರ್ಚಿನಲ್ಲಿ ಯಾರೂ ಇರಲಿಲ್ಲ. ಮೊಂಡಿ, ಅಲ್ಲಿ ಯಾರೋ ಇದ್ದರು. ಇದಕ್ಕಿಂತ ಚೆನ್ನಾಗಿ ಬರೆಯೋಕೆ ನನಗೆ ಬರೋದಿಲ್ಲ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿದಾಗ ಫಾದರ್ ಮುಖ ಬರಲಿಲ್ಲ, ನಿನ್ನ ಮುಖ ಬಂತು. ಗೇಟಿನ ಹತ್ತಿರದ ಮುಖ ಅಲ್ಲ, ಮುಂದಿನ ಹಲ್ಲು ಬಿದ್ದು ನಗ್ತಿದ್ದ ಮುಖ. ಇದು ಅಲ್ಲಿಂದಲೇ ಬಂದ ಅಪ್ಪಣೆ ಅಂತ ತಿಳಿದು ಬರೀತಿದ್ದೇನೆ. ಇಲ್ಲದಿದ್ದರೆ ಈ ಸೂಜಿ ಬಗ್ಗುತ್ತಿತ್ತಾ?

ಉತ್ತರ ಬರೆಯೋದು ಬಿಡೋದು ನಿನಗೆ ಬಿಟ್ಟದ್ದು.

ನಿನ್ನ ಅಕ್ಕ,
ಸೂಜಿ

ನಿನ್ನ ಯಜಮಾನರು, ಆ ನಿಧಾನಪ್ಪನವರು, ಹೇಗಿದ್ದಾರೆ? ಇನ್ನೂ ಟೀ ಪೂರ್ತಿ ಆರಿದ ಮೇಲೇ ಕುಡೀತಾರಾ? ನಾನು ಕೇಳಿದೆ ಅಂತ ಹೇಳು.


ಜೂನ್ ೨೭

ಅಕ್ಕ,

ಹರಿದು ಬಿಸಾಡಿಲ್ಲ.

ಹೊಸ ಕನ್ನಡಕಕ್ಕೆ ಅವಸರ ಮಾಡಬೇಡ. ಕಣ್ಣು ಒಂದು ನೆಲೆಗೆ ಬರೋಕೆ ಕೆಲವು ವಾರ ಬೇಕು. ಈಗ ಮಾಡಿಸಿದರೆ ಆಮೇಲೆ ಮತ್ತೆ ಬದಲಾಯಿಸಬೇಕಾಗುತ್ತೆ. ಕೊಟ್ಟ ಹನಿ ಬಿಡದೆ ಹಾಕಿಕೋ. ಕಣ್ಣು ಉಜ್ಜಬೇಡ. ಬಗ್ಗಿ ಭಾರ ಎತ್ತಬೇಡ, ಅಂದರೆ ಆ ಹಳೇ ಇಸ್ತ್ರಿ ಪೆಟ್ಟಿಗೆಯನ್ನೂ ಸೇರಿಸಿ ಹೇಳ್ತಿದ್ದೇನೆ. ಹಾಲು ಚೆಲ್ಲಿದ ಹಾಗೆ ಕಾಣೋದು ಕಡಿಮೆ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಜಗಳ ಆಡು. ನಿನಗದು ಕಷ್ಟ ಅಲ್ಲ.

ಇನ್ನು ಆ ಬೆಳಿಗ್ಗೆಯ ವಿಷಯ. ಸರಿಯಾಗಿ ನೆನಪು ಮಾಡಿಕೊಂಡು ಬರಿ. ಕಣ್ಣಿಗೆ ಕಂಡಿತಾ, ಕಿವಿಗೆ ಕೇಳಿಸಿತಾ? ಎಡಗಡೆಯಾ, ಬಲಗಡೆಯಾ? ಹೆದರಿಕೆ ಆಯಿತಾ? ಪೊರೆ ತೆಗೆದ ಕಣ್ಣಿಗೆ ಬೆಳಕು ಜಾಸ್ತಿ ಬಂದಂತಿರುತ್ತೆ, ಬಣ್ಣ ಗಾಢವಾಗಿ ಕಾಣುತ್ತೆ. ಎಷ್ಟೋ ಜನ ನಮ್ಮ ಅಂಗಡಿಯ ಗೋಡೆ ನೋಡಿ, ಯಾವಾಗ ಸುಣ್ಣ ಹೊಡೆಸಿದಿರಿ ಅಂತ ಕೇಳಿದ್ದಾರೆ. ಅದನ್ನು ಬಿಟ್ಟು ಉಳಿದದ್ದು ಏನು ಅಂತ ಬರಿ.

ನಿನ್ನನ್ನು ಗೇಲಿ ಮಾಡ್ತಿಲ್ಲ. ಒಂದು ಕೋಣೆಯಲ್ಲಿ ಯಾರೂ ಕಾಣದೇ ಇರುವಾಗ ಯಾರೋ ಇದ್ದಾರೆ ಅನ್ನೋದು ಹೇಗೆ ಗೊತ್ತಾಗುತ್ತೆ ಅಂತ ನನಗೆ ನಿಜವಾಗಿ ತಿಳ್ಕೋಬೇಕು.

ಮೊಂಡಿ


ಜುಲೈ ೮

ಮೊಂಡಿ,

ಎಡಗಡೆಯಾ ಬಲಗಡೆಯಾ ಅಂತೆ. ಪೊಲೀಸಿನವರೂ ಹೀಗೆ ಕೇಳೋದಿಲ್ಲ. ಆದರೂ ನೀನು ಕೇಳಿದ್ದು ನನಗೆ ಖುಷಿಯಾಯಿತು, ಯಾಕೆಂದರೆ ಇಲ್ಲಿ ಯಾರಿಗೆ ಹೇಳಿದರೂ ಕೈ ಜೋಡಿಸಿ ಕಣ್ಣು ಮುಚ್ಚಿಬಿಡ್ತಾರೆ. ಮುಂದಕ್ಕೆ ಒಂದು ಪ್ರಶ್ನೆಯಿಲ್ಲ. ಹಾಡು ಹೇಳಿಸುವ ಮೇಷ್ಟ್ರಂತೂ ನನ್ನನ್ನು ಕಂಡಾಗಲೆಲ್ಲ ತಲೆ ಬಾಗಿಸೋಕೆ ಶುರು ಮಾಡಿದ್ದಾರೆ. ಅವರ ಪ್ಯಾಂಟು ಇನ್ನೂ ಹೊಲಿದು ಕೊಟ್ಟಿಲ್ಲ ನಾನು, ಅದಕ್ಕೂ ಇರಬಹುದು.

ಕಾಣಲಿಲ್ಲ. ಕೇಳಿಸಲಿಲ್ಲ. ಹಿಂದಿನಿಂದ. ನಾನು ಪೆಟ್ಟಿಗೆಗೆ ಬೆನ್ನು ಹಾಕಿ ಬಟ್ಟೆ ಮಡಿಸ್ತಿದ್ದೆ. ಅಂಗಡಿಯಲ್ಲಿ ಮೆಷಿನ್ ತುಳೀತಾ ಇರುವಾಗ ಬಾಗಿಲಿಗೆ ಯಾರಾದರೂ ಬಂದು ಸುಮ್ಮನೆ ನಿಂತರೆ, ತಿರುಗಿ ನೋಡದೆಯೂ ಗೊತ್ತಾಗುತ್ತಲ್ಲ, ಹಾಗೆ. ಅಂಗಡಿಯ ಅಭ್ಯಾಸದಲ್ಲಿ ನನ್ನ ಬಾಯಿಂದ ‘ಬಂದೆ, ಕೂತ್ಕೊಳ್ಳಿ’ ಅಂತ ಬಂದುಬಿಟ್ಟಿತು. ಅಂದ ಮೇಲೆ ತಿರುಗಿದೆ. ಯಾರೂ ಇಲ್ಲ. ನಾನೇ ಹೊಲಿದ ಹಸಿರು ಪರದೆ, ಅದರ ಮುಂದೆ ದೀಪ. ದೇವರಿಗೆ ಕೂತ್ಕೊಳ್ಳಿ ಅಂದೆನಾ ಅಂತ ನಗು ಬಂತು. ನಗ್ತಾ ನಗ್ತಾ ಅಳು ಬಂತು. ಹೆದರಿಕೆ ಇರಲಿಲ್ಲ. ಬಂದವರಿಗೆ ಅವಸರ ಇರಲಿಲ್ಲ ಅನ್ನಿಸಿತು, ಅಳತೆ ಕೊಡೋಕೆ ಬಂದವರ ಹಾಗೆ ಗಡಿಬಿಡಿ ಇಲ್ಲ. ನಾನು ಬಟ್ಟೆ ಮಡಿಸಿ ಮುಗಿಸುವವರೆಗೂ ಇದ್ದರು.

ಈಗ ನಿನಗೆ ಮಾತ್ರ ಹೇಳೋದು. ಇಷ್ಟು ವರ್ಷದಲ್ಲಿ ನನಗೆ ಹೀಗೆ ಆದದ್ದು ಇದೇ ಮೊದಲು. ಅಮ್ಮ ಪ್ರಸಾದ ತಗೊಂಡು ಬಂದು ಕೂತರೆ ಅವಳ ಮುಖ ಬೇರೆ ಆಗ್ತಿತ್ತು, ನೋಡಿದ್ದೀಯಲ್ಲ. ನನಗೆ ನಾಲಿಗೆ ಮೇಲೆ ತೆಳ್ಳಗೆ ಏನೋ ಕರಗೋದು ಬಿಟ್ಟರೆ ಬೇರೇನೂ ಗೊತ್ತಾಗ್ತಿರಲಿಲ್ಲ. ದೊಡ್ಡವರು ಇದೆ ಅಂದಿದ್ದಾರೆ, ಇದೆ ಅಂತ ನಂಬಿ ಕೆಲಸ ಮಾಡಿದೆ. ಗಿರಾಕಿ ಕಾಣದಿದ್ದರೂ ಅಳತೆ ಚೀಟಿ ನೋಡಿ ಹೊಲೀತೀವಲ್ಲ, ಹಾಗೆ.

ಅಮ್ಮನನ್ನು ಮಣ್ಣು ಮಾಡಿದ ದಿನದ ಪೂಜೆಯಲ್ಲಿ ನೀನು ಪ್ರಸಾದಕ್ಕೆ ಯಾಕೆ ಎದ್ದು ಬರಲಿಲ್ಲ ಅಂತ ನಾನು ಕೇಳಿಯೇ ಇಲ್ಲ. ಕೂಗಾಡಿದೆ, ಕೇಳಲಿಲ್ಲ. ಈಗ ಕೇಳ್ತಿದ್ದೇನೆ. ಜಗಳಕ್ಕಲ್ಲ.

ಒಂದ್ಸಲ ಬಂದು ಹೋಗು. ಈ ಮನೆ ಬಾಗಿಲಿಗೆ ಬರಬೇಡ ಅಂದವಳು ನಾನೇ, ಈಗ ಬಾ ಅಂತಿರೋದೂ ನಾನೇ. ನಿಧಾನಪ್ಪನವರನ್ನೂ ಕರ್ಕೊಂಡು ಬಾ. ಅವರು ಈಗಲೇ ಶೂ ಹಾಕಿಕೊಳ್ಳೋಕೆ ಶುರು ಮಾಡಿದರೆ ಹೊರಡುವ ಹೊತ್ತಿಗೆ ಸರಿಹೋಗುತ್ತೆ.

ನಿನ್ನ ಅಕ್ಕ,
ಸೂಜಿ


ಆಗಸ್ಟ್ ೩

ಅಕ್ಕ,

ತಡವಾಯಿತು. ಬರೆದು ಬರೆದು ಇಟ್ಟೆ.

ಯಾಕೆ ಎದ್ದು ಬರಲಿಲ್ಲ ಅಂತ ಕೇಳಿದ್ದೀಯ. ಪ್ರಸಾದ ಕೊಡುವಾಗ ಫಾದರ್ ‘ಕ್ರಿಸ್ತರ ಶರೀರ’ ಅಂತಾರೆ, ನಾವು ‘ಆಮೆನ್’ ಅನ್ನಬೇಕು. ಆಮೆನ್ ಅಂದರೆ ಹೌದು ಅಂತ. ಹೌದು ಅನ್ನಿಸದೆ ತುಂಬ ವರ್ಷ ಹೌದು ಅಂದಿದ್ದೆ. ಆವತ್ತು ಅಮ್ಮ ಅಲ್ಲೇ ಎದುರಿಗೆ ಪೆಟ್ಟಿಗೆಯಲ್ಲಿ ಮಲಗಿದ್ದಳು. ಅಮ್ಮನ ಮುಂದೆ ಯಾವತ್ತಾದರೂ ನಮಗೆ ಸುಳ್ಳು ಹೇಳೋಕೆ ಆಗಿದೆಯಾ? ಕಾಲು ಏಳಲಿಲ್ಲ, ಅಷ್ಟೇ. ಹೊರಗೆ ಬಂದಾಗ ನೀನು, ‘ಅಮ್ಮನಿಗೋಸ್ಕರ ನಾಟಕವಾದರೂ ಮಾಡಬಹುದಿತ್ತು’ ಅಂದೆ. ನಾನು, ‘ಅಲ್ಲಿ ಯಾರೂ ಇಲ್ಲ ಅಕ್ಕ’ ಅಂದೆ. ಯಾರೂ ಇಲ್ಲ ಅಂತ ನನಗೂ ಖಚಿತ ಇರಲಿಲ್ಲ. ಕೋಪಕ್ಕೆ ಬಂದ ಮಾತು.

ಈಗ ನಿನ್ನ ಕಾಗದ ಓದಿದ ಮೇಲೆ ಅಂಗಡಿಯಲ್ಲಿ ಒಂದು ವಿಷಯ ಗಮನಿಸೋಕೆ ಶುರು ಮಾಡಿದ್ದೇನೆ. ಪರೀಕ್ಷೆಗೆ ಕೂತವರಿಗೆ ಖಾಲಿ ಚೌಕಟ್ಟು ಹಾಕಿ ಅದರಲ್ಲಿ ಒಂದೊಂದೇ ಗಾಜು ಇಡ್ತೀವಿ. ಈಗ ಕಾಣುತ್ತಾ, ಈಗ, ಈಗ ಅಂತ ಕೇಳ್ತಾ ಹೋಗ್ತೀವಿ. ಸರಿಯಾದ ಗಾಜು ಬೀಳುವವರೆಗೂ ಎಲ್ಲರೂ ಎದುರಿನ ಅಕ್ಷರದ ಹಲಗೆಯನ್ನೇ ನೋಡ್ತಾರೆ. ಸರಿಯಾದದ್ದು ಬಿದ್ದ ಕೂಡಲೇ ಹಲಗೆ ಬಿಟ್ಟುಬಿಡ್ತಾರೆ. ಬಾಗಿಲು ನೋಡ್ತಾರೆ, ತಮ್ಮ ಕೈ ನೋಡಿಕೊಳ್ತಾರೆ, ಜೊತೆಗೆ ಬಂದವರನ್ನು ನೋಡ್ತಾರೆ. ಮೊನ್ನೆ ಒಬ್ಬ ಅಜ್ಜಿ ಹೀಗೇ ತಿರುಗಿ ಗಂಡನ ಮುಖ ನೋಡಿದರು. ನಿಮಗಿಷ್ಟು ಸುಕ್ಕು ಯಾವಾಗ ಬಂತು ಅಂತ ಕೇಳಿದರು. ಆಮೇಲೆ ಒಂದು ಬೆರಳಿನಿಂದ ಅವರ ಹುಬ್ಬು ಸರಿ ಮಾಡಿದರು. ನಾನು ಬಿಲ್ ಬರೆಯೋ ನೆಪದಲ್ಲಿ ಒಳಗೆ ಹೋದೆ.

ಯಾರೂ ಗಾಜನ್ನು ನೋಡೋದಿಲ್ಲ ಅಕ್ಕ, ಗಾಜಿನಿಂದ ನೋಡ್ತಾರೆ. ಚರ್ಚಿನಲ್ಲಿ ನಾನು ಇಷ್ಟು ವರ್ಷ ಆ ಬಿಳಿ ರೊಟ್ಟಿಯನ್ನೇ ದಿಟ್ಟಿಸಿ, ಇದರಲ್ಲಿ ಎಲ್ಲಿದ್ದಾನೆ ಎಲ್ಲಿದ್ದಾನೆ ಅಂತ ಹುಡುಕ್ತಿದ್ದೆನಾ? ಅದರಿಂದ ತಿರುಗಿ ಬೇರೆಯವರನ್ನು ನೋಡಬೇಕಿತ್ತಾ? ಗೊತ್ತಿಲ್ಲ. ನಿಮ್ಮ ಫಾದರ್ ಇದನ್ನು ಕೇಳಿದರೆ ಬೈತಾರಾ?

ಅಕ್ಟೋಬರ್ ಮೊದಲ ವಾರ ಅಂಗಡಿಗೆ ರಜೆ ಇದೆ. ಬರಬಹುದು. ಪರೀಕ್ಷೆಯ ಗಾಜಿನ ಪೆಟ್ಟಿಗೆ ತಂದು ನಿನ್ನ ಕಣ್ಣು ನಾನೇ ನೋಡ್ತೀನಿ. ಬರಬಹುದು ಅಂದಿದ್ದೇನೆ, ಬರ್ತೀನಿ ಅಂದಿಲ್ಲ.

ಶೂ ವಿಷಯ ಅವರಿಗೆ ಓದಿ ಹೇಳಿದೆ.

ಮೊಂಡಿ


ಸೆಪ್ಟೆಂಬರ್ ೧೫

ಮೊಂಡಿ,

ನಿನ್ನ ಕಾಗದಕ್ಕೆ ಕೂಡಲೇ ಬರೀಬೇಕಿತ್ತು. ಮದುವೆ ಸೀಸನ್ನು ಅಂತ ಸುಳ್ಳು ಹೇಳಬಹುದು, ಹೇಳೋದಿಲ್ಲ. ಬರೆಯೋ ಮುಖ ಇರಲಿಲ್ಲ.

ಹೋದ ಶನಿವಾರ ಫಾದರ್ ಬೀಗ ರಿಪೇರಿಯವನನ್ನು ಕರ್ಕೊಂಡು ಬಂದರು. ಪ್ರಸಾದದ ಪೆಟ್ಟಿಗೆಯ ಬೀಗ ಕೆಟ್ಟಿದೆಯಂತೆ. ನನಗೆ ಯಾರೂ ಹೇಳಿರಲಿಲ್ಲ. ಸರಿ ಅಂತ ನಾನು ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಎರಡು ಮೇಣದಬತ್ತಿ ಹಚ್ಚಿದೆ. ಫಾದರ್ ಸ್ವಾಮಿಯನ್ನು ಅಲ್ಲಿಗೆ ತಂದಿಡುವವರೆಗೂ ಹೊರಗೇ ನಿಂತಿರಪ್ಪ ಅಂತ ಬೀಗದವನಿಗೆ ಹೇಳಿದೆ. ಫಾದರ್ ನನ್ನನ್ನು ನೋಡಿದರು, ಮೇಜು ನೋಡಿದರು, ದೀಪ ನೋಡಿದರು. ಅವರ ಮುಖದಲ್ಲಿ ಬಣ್ಣ ಇಳಿದುಹೋಯಿತು. ಪರದೆ ಸರಿಸಿದರು. ಬಾಗಿಲು ತೆರೆದುಕೊಳ್ಳದ ಹಾಗೆ ಸಂದಿಗೆ ಒಂದು ಕಾಗದದ ಮಡಿಕೆ ತುರುಕಿತ್ತು. ಅದನ್ನು ಎಳೆದರು, ಬಾಗಿಲು ತಾನಾಗಿ ತೆರೆದುಕೊಂಡಿತು.

ಖಾಲಿ. ಒಳಗೆ ಹಾಸಿದ ಬಟ್ಟೆ ಬಿಟ್ಟರೆ ಏನೂ ಇಲ್ಲ.

ನಾನು ಆಸ್ಪತ್ರೆಯಲ್ಲಿದ್ದಾಗಲೇ ಬೀಗ ಕೆಟ್ಟಿತ್ತಂತೆ. ಬೀಗವಿಲ್ಲದ ಪೆಟ್ಟಿಗೆಯಲ್ಲಿ ಪ್ರಸಾದ ಇಡೋ ಹಾಗಿಲ್ಲ. ಹಾಗಾಗಿ ಫಾದರ್ ಅದನ್ನು ತಮ್ಮ ಮನೆಯ ಪ್ರಾರ್ಥನೆ ಕೋಣೆಯ ಕಬ್ಬಿಣದ ಕಪಾಟಿಗೆ ತಗೊಂಡು ಹೋಗಿ, ದೀಪವನ್ನು ತಾವೇ ಆರಿಸಿ, ವಿಷಯವನ್ನು ನನಗೆ ತಿಳಿಸೋಕೆ ಗುಡಿಸುವವಳಿಗೆ ಹೇಳಿದ್ದರು. ಅವಳನ್ನು ಕರೆದು ಕೇಳಿದೆ. ‘ಹೇಳೋಕೇ ಬಂದಿದ್ದೆ ಅಕ್ಕ, ನೀವು ಬಾಯಿ ಬಿಡೋಕೆ ಬಿಟ್ಟರೆ ತಾನೆ’ ಅಂದಳು. ಆಮೇಲೆ ಹೇಳೋಕೆ ಅವಳಿಗೆ ಭಯ. ಭಾನುವಾರ ದೀಪ ಉರಿಯೋದನ್ನು ಫಾದರ್ ನೋಡಿದ್ದರು, ಮೇಣದಬತ್ತಿಗಳ ಜೊತೆ ಪೂಜೆಯ ಹೊತ್ತಿಗೆ ಮಾತ್ರ ಹಚ್ಚಿದ್ದಾಳೆ ಅಂದುಕೊಂಡರಂತೆ. ಬೇರೆ ದಿನ ಅವರು ಬರೋದಿಲ್ಲ. ಕಾಗದದ ಮಡಿಕೆ ನನ್ನ ಕಣ್ಣಿಗೆ ಬೀಳಬೇಕಿತ್ತು. ಬಲಿಪೀಠದ ಮೇಲೆ ಒಂದು ನೂಲು ಬಿದ್ದಿದ್ದರೂ ಕಾಣ್ತಿದ್ದ ಕಣ್ಣು ಇದು. ಪರದೆ ಅಡ್ಡ ಇತ್ತು, ಪರದೆ ಹೊಲಿದವಳೂ ನಾನೇ.

ಅಂದರೆ ಇಷ್ಟು ತಿಂಗಳು ನಾನು ಖಾಲಿ ಪೆಟ್ಟಿಗೆಗೆ ಎಣ್ಣೆ ಹಾಕಿದೆ, ಖಾಲಿ ಪೆಟ್ಟಿಗೆಗೆ ಮೊಣಕಾಲೂರಿದೆ, ಖಾಲಿ ಪೆಟ್ಟಿಗೆಗೆ ಕೂತ್ಕೊಳ್ಳಿ ಅಂದೆ. ನನ್ನ ದೀಪ ನೋಡಿ ಬಂದವರೆಲ್ಲ ಮೊಣಕಾಲೂರಿದರು. ಜೀವಮಾನದಲ್ಲಿ ಒಂದೇ ಒಂದು ಸಲ ಯಾರೋ ಇದ್ದಾರೆ ಅನ್ನಿಸಿದ್ದು, ಅದೂ ಯಾರೂ ಇಲ್ಲದಾಗ. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ. ರಾತ್ರಿ ಊಟ ಸೇರೋದಿಲ್ಲ. ಕತ್ತರಿ ಹಿಡಿದರೆ ಬಟ್ಟೆ ಎಲ್ಲಿ ಕತ್ತರಿಸಬೇಕು ಅಂತ ಮರೆತು ನಿಲ್ತೀನಿ.

ನಿನ್ನನ್ನು ಗೇಟಿನಾಚೆ ಕಳಿಸಿದ್ದು ಯಾವ ಮಾತಿಗೆ? ಅಲ್ಲಿ ಯಾರೂ ಇಲ್ಲ ಅಂದದ್ದಕ್ಕೆ. ಈಗ ನೀನೇ ಗೆದ್ದೆ. ನಿನಗೆ ಬರಿ ಅಂತ ಅಪ್ಪಣೆ ಆಯಿತು ಅಂದುಕೊಂಡೆನಲ್ಲ, ಅದು ಯಾರ ಅಪ್ಪಣೆ? ಮುದಿ ಹೆಂಗಸಿನ ಕಣ್ಣಿನ ಔಷಧಿಯದ್ದಾ? ಆ ಮೊದಲನೆಯ ಕಾಗದ ಸುಟ್ಟುಬಿಡು. ಸುಳ್ಳು ಸಾಕ್ಷಿ ಹೇಳಿ ನಿನ್ನನ್ನು ಕರೆದ ಹಾಗಾಯಿತು. ಅಕ್ಟೋಬರಿನಲ್ಲಿ ಬರಲೇಬೇಕು ಅಂತೇನೂ ಇಲ್ಲ.

ಅಕ್ಕ


ಸೆಪ್ಟೆಂಬರ್ ೨೦

ಅಕ್ಕ,

ಅಂಗಡಿಯಲ್ಲೇ ಕೂತು ಬರೀತಿದ್ದೇನೆ. ಗಿರಾಕಿ ಕಾಯ್ತಿದ್ದಾರೆ, ಕಾಯಲಿ.

ಕಾಗದ ಸುಡೋದಿಲ್ಲ. ಯಾಕೆ ಅಂತ ಹೇಳಬೇಕಾದರೆ ಇಷ್ಟು ದಿನ ಬರೆಯದೆ ಬಿಟ್ಟದ್ದನ್ನು ಬರೀಬೇಕು. ಅವರು ಇಲ್ಲ ಅಕ್ಕ. ಜನವರಿಯಲ್ಲಿ ಹೋದರು. ಹೃದಯ. ನಿಧಾನವೇ ಗೊತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಅವಸರದಲ್ಲಿ ಮಾಡಿದರು. ನಿಮಗೆ ಯಾರಿಗೂ ತಿಳಿಸಬೇಡಿ ಅಂತ ಇಲ್ಲಿಯವರಿಗೆ ನಾನೇ ಹೇಳಿದ್ದೆ. ನೀನು ಬಂದು ಮತ್ತೆ ಪೂಜೆ, ಪ್ರಸಾದ ಅಂತ ಏನಾದರೂ ಅಂದರೆ ತಡೆಯೋ ಶಕ್ತಿ ನನಗಿರಲಿಲ್ಲ. ನೀನು ಮೊದಲೆರಡು ಕಾಗದದಲ್ಲೂ ಅವರನ್ನು ಕೇಳಿದ್ದೆ. ಇಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ. ಬರೆಯದಿದ್ದರೆ ನಿನ್ನ ಕಾಗದದಲ್ಲಾದರೂ ಇರ್ತಾರೆ ಅನ್ನಿಸಿತು.

ಅವರು ಹೋದ ಮೇಲೂ ನಾನು ಬೆಳಿಗ್ಗೆ ಎರಡು ಟೀ ಮಾಡ್ತಿದ್ದೆ. ಬೇಕಂತ ಅಲ್ಲ, ಮೊದಮೊದಲು ಕೈ ತಪ್ಪಿ. ಆಮೇಲೆ ಬೇಕಂತಲೇ. ಅವರ ಲೋಟ ಅವರ ಕುರ್ಚಿಯ ಮುಂದೆ ಇಟ್ಟು ನನ್ನದನ್ನು ಕುಡೀತಿದ್ದೆ. ಆರಿದ ಮೇಲೆ ಚೆಲ್ತಿದ್ದೆ. ಪಕ್ಕದ ಮನೆಯವಳು ಒಂದು ದಿನ ನೋಡಿ, ಇದು ಒಳ್ಳೇದಲ್ಲ, ಡಾಕ್ಟರ ಹತ್ತಿರ ಹೋಗು ಅಂದಳು. ಅವಳು ಹೇಳೋದೂ ಸರಿ ಅನ್ನಿಸಿತು. ಜೂನ್ ತಿಂಗಳಲ್ಲಿ ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ ಅವರ ಬಟ್ಟೆಯೆಲ್ಲ ಕಟ್ಟಿದೆ. ಲೋಟ ತೊಳೆದು, ಪೇಪರಿನಲ್ಲಿ ಸುತ್ತಿ, ಕೊಟ್ಟುಬಿಡೋ ಸಾಮಾನಿನ ಡಬ್ಬದಲ್ಲಿ ಇಟ್ಟೆ. ಮಾರನೆಯ ದಿನ ಬೆಳಿಗ್ಗೆ ಒಂದೇ ಟೀ ಮಾಡಿಕೊಂಡು ಕೂತೆ. ಆ ಮನೆಯಲ್ಲಿ ಕೂರೋಕಾಗಲಿಲ್ಲ ಅಕ್ಕ. ಕುರ್ಚಿಯಲ್ಲಿ ಯಾರೂ ಇಲ್ಲ ಅಂತ ಆವತ್ತು ಮೊದಲ ಸಲ ಗೊತ್ತಾಯಿತು. ಬಾಗಿಲು ತೆರೆದು ಮೆಟ್ಟಿಲ ಮೇಲೆ ಬಂದು ಕೂತೆ.

ಅಂಚೆಯವನು ನಿನ್ನ ಮೊದಲ ಕಾಗದ ತಂದುಕೊಟ್ಟದ್ದು ಆ ಮೆಟ್ಟಿಲ ಮೇಲೆ. ಕಣ್ಣು, ಇಸ್ತ್ರಿ, ದೀಪ ಎಲ್ಲ ಓದಿದೆ. ಕೊನೆಯಲ್ಲಿ ನೀನು, ನಿಧಾನಪ್ಪನವರು ಇನ್ನೂ ಟೀ ಪೂರ್ತಿ ಆರಿದ ಮೇಲೇ ಕುಡೀತಾರಾ ಅಂತ ಕೇಳಿದ್ದೆ.

ಅಷ್ಟು ತಿಂಗಳಲ್ಲಿ ಅವರನ್ನು ಹೇಗಿದ್ದಾರೆ ಅಂತ ಕೇಳಿದವಳು ನೀನೊಬ್ಬಳೇ. ಉಳಿದವರೆಲ್ಲ ಹೇಗಿದ್ದರು ಅಂತ ಹೇಳೋಕೆ ಬರ್ತಿದ್ದರು. ಒಳಗೆ ಹೋಗಿ ಡಬ್ಬ ತೆರೆದು, ಪೇಪರ್ ಬಿಚ್ಚಿ, ಲೋಟ ತೆಗೆದೆ. ಟೀ ಹಾಕಿ ಇಟ್ಟೆ. ನಿನ್ನ ಕಾಗದವನ್ನು ಗಟ್ಟಿಯಾಗಿ ಮೊದಲಿಂದ ಓದಿ ಹೇಳಿದೆ, ಸೂಜಿ ಬಗ್ಗಿದ್ದಾಳೆ ನೋಡಿ ಅಂದೆ. ಆ ಕೋಣೆಯಲ್ಲಿ ನಾನು ಒಬ್ಬಳೇ ಇರಲಿಲ್ಲ. ಎಡಗಡೆಯೋ ಬಲಗಡೆಯೋ ಅಂತ ನನ್ನನ್ನು ಕೇಳಬೇಡ. ಅವರಾ, ಬೇರೆ ಯಾರಾದರೂನಾ, ಅದೂ ಗೊತ್ತಿಲ್ಲ. ನಿನ್ನನ್ನು ಅಷ್ಟು ಪ್ರಶ್ನೆ ಕೇಳಿದ್ದು ಅದಕ್ಕೇ. ನಿನಗೂ ಹಾಗೇ ಆಯಿತಾ ಅಂತ ಹೋಲಿಸಿ ನೋಡಬೇಕಿತ್ತು.

ನಾನು ಗೆದ್ದೆ ಅಂತೀಯ. ನನಗೆ ಬೇಡ ಆ ಗೆಲುವು. ಪೆಟ್ಟಿಗೆ ಖಾಲಿ ಇತ್ತು ಅನ್ನೋದು ಸರಿ, ನಿನ್ನ ಫಾದರ್ ಬಾಗಿಲು ತೆರೆದೇ ತೋರಿಸಿದರು. ಆದರೆ ಕಾಗದ ಬಂತಲ್ಲ ಅಕ್ಕ. ಯಾರೂ ಇಲ್ಲದಿದ್ದರೆ ಕಳಿಸಿದ್ದು ಯಾರು? ಅಮ್ಮ ಹೇಳ್ತಿದ್ದ ಕಥೆ ನೆನಪಿದೆಯಾ, ಬೆಳಗಾಗುವ ಮೊದಲೇ ಸುಗಂಧ ತೈಲ ಹಿಡಿದು ಕ್ರಿಸ್ತರ ಸಮಾಧಿಗೆ ಹೋದ ಹೆಂಗಸರದ್ದು? ಅವರು ಹೋದದ್ದೂ ಖಾಲಿ ಜಾಗಕ್ಕೇ, ಕ್ರಿಸ್ತರು ಆಗಲೇ ಎದ್ದು ಹೋಗಿದ್ದರು. ನೀನೂ ಎಣ್ಣೆ ಹಿಡಿದೇ ಹೋಗಿದ್ದೆ. ಆ ಹೆಂಗಸರು ಮನೆಗೆ ಹೋಗಿ, ಮೋಸ ಹೋದೆವು ಅಂತ ಊಟ ಬಿಟ್ಟು ಕೂತರಾ?

ನಾನು ನಂಬಿದ್ದೇನೆ ಅಂತ ಬರೆದರೆ ಅದು ಪೂರ್ತಿ ನಿಜ ಆಗೋದಿಲ್ಲ. ಕೇಳಬೇಕು ಅನ್ನೋ ಆಸೆ ಬಂದಿದೆ, ಅಷ್ಟು ನಿಜ. ಬರಬಹುದು ಅಂದಿದ್ದೆ. ಈಗ ಬರ್ತೀನಿ ಅಂತಿದ್ದೇನೆ. ಶನಿವಾರ, ಅಕ್ಟೋಬರ್ ಮೂರು, ಮಧ್ಯಾಹ್ನದ ಬಸ್ಸು. ಬೇಡ ಅನ್ನೋದಿದ್ದರೆ ಈಗಲೇ ಅನ್ನು.

ನಿನ್ನ ತಂಗಿ,
ಮೊಂಡಿ


ಸೆಪ್ಟೆಂಬರ್ ೨೮

ನನ್ನ ಮೊಂಡಿ,

ಬೇಡ ಅನ್ನೋಕೆ ನನಗೇನು ಹುಚ್ಚಾ.

ನಿನ್ನ ಕಾಗದವನ್ನು ಅಂಗಡಿ ಬಾಗಿಲಲ್ಲೇ ನಿಂತು ಓದಿದೆ. ಓದಿ ಶಟರ್ ಎಳೆದು, ಒಳಗೆ ಬಟ್ಟೆಯ ರಾಶಿ ಮೇಲೆ ಕೂತು ಅತ್ತೆ. ಒಂದು ಹಿಡಿ ಮಣ್ಣು ಹಾಕೋಕೂ ನಾನು ಬರಲಿಲ್ಲವಲ್ಲೇ. ನನ್ನ ಬಾಯಿಗೆ ಹೆದರಿ ಅಷ್ಟು ದೊಡ್ಡದನ್ನು ಒಬ್ಬಳೇ ಹೊತ್ತೆಯಾ? ಇಲ್ಲಿ ಗುಡಿಸುವವಳು ಹೆದರಿದಳು, ಅಲ್ಲಿ ನೀನು ಹೆದರಿದೆ. ಈ ಬಾಯಿಗೆ ಎರಡು ಹೊಲಿಗೆ ಹಾಕಬೇಕು. ಶೂ ಹಾಕಿಕೊಳ್ಳೋಕೆ ಹೇಳು ಅಂತ ಬೇರೆ ಬರೆದಿದ್ದೆ. ಆ ಮನುಷ್ಯ ನನಗೆ ಯಾವತ್ತೂ ಎದುರು ಮಾತಾಡಲಿಲ್ಲ. ನಾನು ಅಷ್ಟು ಆಡಿಕೊಂಡರೂ, ನಿಮ್ಮಕ್ಕ ಟೀ ಮಾತ್ರ ಚೆನ್ನಾಗಿ ಮಾಡ್ತಾರೆ ಅಂತಿದ್ದರಂತೆ, ನೀನೇ ಹೇಳಿದ್ದೆ.

ಬೀಗ ಸರಿಯಾಯಿತು. ನಿನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಪ್ರಸಾದವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟರು. ಎಲ್ಲರೂ ಹೋಗುವವರೆಗೂ ಕಾದು ಅವರನ್ನು ಹಿಡಿದುಕೊಂಡೆ. ಆ ಬೆಳಿಗ್ಗೆ ಆದದ್ದು, ಅದರಿಂದ ನಿನಗೆ ಕಾಗದ ಬರೆದದ್ದು ಎಲ್ಲ ಹೇಳಿ, ಹಾಗಾದರೆ ನಾನು ಯಾರಿಗೆ ಮೊಣಕಾಲೂರಿದೆ ಅಂತ ಕೇಳಿದೆ. ಪಾಪ, ಮುಂದಿನ ಚರ್ಚಿಗೆ ಹೊತ್ತಾಗ್ತಿತ್ತು, ಸ್ಕೂಟರ್ ಕೀಲಿ ಕೈಯಲ್ಲೇ ಇತ್ತು. ಮೊದಲ ಸಾಲಿನ ಬೆಂಚಿನಲ್ಲಿ ಕೂತುಬಿಟ್ಟರು. ‘ಪೆಟ್ಟಿಗೆಯೊಳಗೆ ಇದ್ದಾರೆ ಅಂತ ನಾನು ನಂಬ್ತೀನಿ ಅಮ್ಮ. ಅಲ್ಲಿ ಮಾತ್ರ ಇದ್ದಾರೆ ಅಂತ ನಾನು ಯಾವತ್ತೂ ಹೇಳಿಲ್ಲ’ ಅಂದರು. ಆಮೇಲೆ ಆ ಕಾಗದದಲ್ಲಿ ಏನು ಬರೆದಿರಿ ಅಂತ ಕೇಳಿದರು. ನಿಧಾನಪ್ಪನವರ ಟೀ ವಿಷಯ, ನೀನು ಅದನ್ನು ಮೆಟ್ಟಿಲ ಮೇಲೆ ಕೂತು ಓದಿದ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಸ್ಕೂಟರ್ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಮುಂದಿನ ಚರ್ಚಿನವರು ಆವತ್ತು ಕಾದಿರಬೇಕು. ನಿನ್ನ ಗಾಜಿನ ಪ್ರಶ್ನೆಯನ್ನೂ ಕೇಳಿದೆ. ಬೈಯಲಿಲ್ಲ. ಶನಿವಾರ ಬರೋ ನಿಮ್ಮ ತಂಗಿಯನ್ನು ಭಾನುವಾರ ನನಗೆ ಪರಿಚಯ ಮಾಡಿಸಿ ಅಂದರು. ಪ್ರಸಾದಕ್ಕೆ ಎದ್ದು ಬಾ ಅಂತ ನಾನು ಅನ್ನೋದಿಲ್ಲ. ನೀನು ಕೂತಿದ್ದರೆ ನಾನು ತಗೊಂಡು ಬಂದು ನಿನ್ನ ಪಕ್ಕದಲ್ಲೇ ಕೂರ್ತೀನಿ.

ಇವತ್ತು ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕಿ, ಬಟ್ಟೆ ಮಡಿಸ್ತಾ, ಬೆನ್ನು ಹಾಕಿ ನಿಂತೆ. ಈಗ ಪೆಟ್ಟಿಗೆ ತುಂಬಿದೆ, ಬೀಗ ಬಿದ್ದಿದೆ, ದೀಪ ಸತ್ಯವಾಗಿ ಉರೀತಿದೆ. ಕಾದೆ. ಏನೂ ಅನ್ನಿಸಲಿಲ್ಲ ಕಣೆ. ಇಷ್ಟು ವರ್ಷ ಇದ್ದ ಹಾಗೇ, ಏನೂ ಇಲ್ಲ. ಗುಡಿಸುವವಳು ಬಂದಳು. ಅವಳಿಗೆ ‘ಬಾ, ಕೂತ್ಕೋ’ ಅಂದೆ. ಹೆದರಿಕೊಂಡೇ ಕೂತಳು. ಫ್ಲಾಸ್ಕಿನಲ್ಲಿದ್ದ ಟೀ ಕೊಟ್ಟೆ. ಅವಳ ಮೊಣಕಾಲು ನೋವಿನ ಕಥೆ ಪೂರ್ತಿ ಕೇಳಿದೆ, ನಡುವೆ ಬಾಯಿ ಹಾಕದೆ. ಅದೆಷ್ಟು ಕಷ್ಟ ಗೊತ್ತಾ?

ಗಾಜಿನ ಪೆಟ್ಟಿಗೆ ಮರೀದೇ ತಗೊಂಡು ಬಾ. ಮೊದಲು ನಿನ್ನ ಮುಖ ನೋಡಬೇಕು, ಅಕ್ಷರದ ಹಲಗೆ ಆಮೇಲೆ. ಅವರ ಲೋಟವನ್ನೂ ಬಟ್ಟೆಯ ನಡುವೆ ಜೋಪಾನವಾಗಿ ಸುತ್ತಿ ತಾ. ಇಲ್ಲಿ ಯಾರೂ ಏನೂ ಅನ್ನೋದಿಲ್ಲ, ನಾನಂತೂ ಅನ್ನೋದಿಲ್ಲ. ಶನಿವಾರ ಬಸ್ಸಿನ ಹೊತ್ತಿಗೆ ಒಲೆಯ ಮೇಲೆ ಮೂರು ಜನಕ್ಕೆ ನೀರಿಟ್ಟಿರ್ತೀನಿ. ನಮ್ಮಿಬ್ಬರದು ಬಿಸಿಬಿಸಿ ಕುಡಿಯೋಣ. ಮೂರನೆಯದು ಅಲ್ಲೇ ಇರಲಿ, ಅವರಿಗೆ ಆರಿದ್ದೇ ಇಷ್ಟ.

ನಿನ್ನ ಅಕ್ಕ,
ಸೂಜಿ